ಸೀಟಿ ಇಲ್ಲದ ಎಂಟು ವಾರ

ಭಾಲ್ಕಿಯ ಆ ಶಾಲೆಯ ಮೈದಾನಕ್ಕೆ ಮೊದಲ ಸಲ ಹೋದ ದಿನ ನನ್ನ ನೋಟ್‌ಬುಕ್ಕಿನಲ್ಲಿ ಹೀಗೆ ಬರೆದುಕೊಂಡಿದ್ದೇನೆ: ಚಳಿ. ಬಸ್ಸು ಇಪ್ಪತ್ತು ನಿಮಿಷ ತಡ. ಹುಡುಗಿಯರು ಇಪ್ಪತ್ತೆರಡು, ಚೆಂಡು ಎರಡು, ಒಂದರಲ್ಲಿ ಗಾಳಿ ಕಡಿಮೆ. ಒಂದು ಕಡೆಯ ರಿಂಗು ಬಾಗಿದೆ. ಒಂದು ಸೀಟಿ ಅಂದರೆ ಪಾಸು. ಎರಡು ಸೀಟಿ ಅಂದರೆ ಓಟ. ಉದ್ದನೆಯ ಸೀಟಿ ಅಂದರೆ ಎಲ್ಲರೂ ನಿಲ್ಲಬೇಕು.

ಕೊನೆಯ ಮೂರು ವಾಕ್ಯಗಳನ್ನು ನಾನು ಮೆಚ್ಚುಗೆಯಿಂದಲೇ ಬರೆದುಕೊಂಡಿದ್ದೆ. ಇಪ್ಪತ್ತೆರಡು ಹುಡುಗಿಯರು ಒಂದೇ ಕಾಲಿನಂತೆ ಹೆಜ್ಜೆ ಇಡುತ್ತಿದ್ದರು. ಸೀಟಿಯಾದ ತಕ್ಷಣ ಚೆಂಡು ಎದೆಯಿಂದ ಹೊರಡುತ್ತಿತ್ತು, ಎದುರಿನವಳು ಹಿಡಿಯುತ್ತಿದ್ದಳು. ಒಬ್ಬಳೂ ತಪ್ಪುತ್ತಿರಲಿಲ್ಲ. ಬೀದರಿನ ನನ್ನ ಶಾಲೆಯ ಹುಡುಗಿಯರು ಇಷ್ಟು ಶಿಸ್ತಿನಲ್ಲಿ ನಿಂತದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಬೀದರಿನ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ನಾನು ದೈಹಿಕ ಶಿಕ್ಷಣದ ಶಿಕ್ಷಕಿ. ದೀಪಾವಳಿ ಮುಗಿದ ಮೇಲೆ ಒಂದು ಆದೇಶ ಕೈಗೆ ಬಂತು. ವಾರಕ್ಕೆ ಎರಡು ದಿನ ಭಾಲ್ಕಿ, ಒಂದು ದಿನ ಔರಾದ್. ಮಕ್ಕಳಿಗೆ ಆಟ ಕಲಿಸುವುದು ನನ್ನ ಕೆಲಸವಲ್ಲ, ಕಲಿಸುವವರ ಜೊತೆಗೆ ನಿಂತು ಅವರು ಬಾಸ್ಕೆಟ್‌ಬಾಲ್ ಕಲಿಸುವ ರೀತಿಯನ್ನು ನೋಡುವುದು, ಬೇಕಾದಲ್ಲಿ ತಿದ್ದುವುದು. ತಿದ್ದುವುದು ಎಂಬ ಮಾತು ಆದೇಶದಲ್ಲೇ ಇತ್ತು. ಅದನ್ನು ನಾನು ಸ್ವಲ್ಪ ಹೆಚ್ಚೇ ನಂಬಿಬಿಟ್ಟೆ.

ಭಾಲ್ಕಿಯ ಪಿ.ಟಿ. ಸರ್ ಐವತ್ತು ದಾಟಿದವರು. ಅವರ ಹೆಸರು ತಾಲ್ಲೂಕಿಗೆಲ್ಲ ಗೊತ್ತಿದ್ದದ್ದು ಲೇಜಿಮಿನಿಂದ. ಮರದ ಹಿಡಿಗೆ ಕಬ್ಬಿಣದ ಬಿಲ್ಲೆಗಳ ಸರಪಳಿ ಬಿಗಿದ ಲೇಜಿಮು ಹಿಡಿದು ಇನ್ನೂರು ಮಕ್ಕಳು ಇವರ ಸೀಟಿಗೆ ಕುಣಿಯುವುದನ್ನು ನೋಡಲು ಆಗಸ್ಟ್ ಹದಿನೈದಕ್ಕೆ ಜನ ಗೋಡೆ ಹತ್ತಿ ಕೂಡುತ್ತಾರಂತೆ. ಲೇಜಿಮು ಕಲಿಸಿದ ಹಾಗೆಯೇ ಅವರು ಬಾಸ್ಕೆಟ್‌ಬಾಲನ್ನೂ ಕಲಿಸಿದ್ದರು. ಅವರಿಗೆ ಬೇರೆ ರೀತಿಯಲ್ಲಿ ಯಾರೂ ಕಲಿಸಿರಲಿಲ್ಲ. ನಮ್ಮ ಕಡೆ ಮೈದಾನ ಅಂದರೆ ಮೊದಲಿನಿಂದಲೂ ಕವಾಯತು, ಲೇಜಿಮು, ಸೀಟಿ.

ಎರಡನೇ ದಿನ ಕೇಳಿಕೊಂಡೆ. "ಸರ್, ಐದು ನಿಮಿಷ ಸೀಟಿ ಹಾಕಲಾರದೆ ಆಡಸ್ರಿ. ನೋಡೋಣ."

"ಸೀಟಿ ಹಾಕಲಾರದೆ ಹ್ಯಾಂಗ್ರಿ ಮೇಡಂ? ಸ್ಟೇರಿಂಗ್ ಬಿಟ್ಟು ಬಸ್ ಹೊಡೀರಿ ಅಂದಂಗಾತು."

"ಐದೇ ನಿಮಿಷ."

ಅವರು ನಕ್ಕು ಸೀಟಿಯನ್ನು ಅಂಗಿಯ ಜೇಬಿಗೆ ಹಾಕಿದರು. ಹುಡುಗಿಯರನ್ನು ಐದೈದರಂತೆ ಎರಡು ತಂಡ ಮಾಡಿ ಚೆಂಡು ಕೊಟ್ಟೆವು. ಚೆಂಡು ಸಿಕ್ಕವಳು ತಂಡದಲ್ಲೇ ಎತ್ತರದವಳು, ಏಳನೇ ತರಗತಿ. ಎಲ್ಲರೂ ಆಕೆಯನ್ನು ಲಂಬೂ ಎಂದೇ ಕರೆಯುತ್ತಿದ್ದರು. ಲಂಬೂ ಚೆಂಡನ್ನು ಎದೆಗೆ ಅವುಚಿಕೊಂಡು, ರಿಂಗಿನ ಕಡೆಗಲ್ಲ, ಸರ್ ಕಡೆಗೆ ತಿರುಗಿ ನಿಂತಳು. ಉಳಿದ ಒಂಬತ್ತು ಜನವೂ ಅತ್ತಲೇ ನೋಡಿದರು. ಯಾರೂ ಕದಲಲಿಲ್ಲ. ಅಷ್ಟು ಹೊತ್ತು ಕೇಳಿರದ ರಸ್ತೆಯ ಟಂಟಂ ಆಟೋದ ಸದ್ದು ಕೇಳಿಸಿತು.

"ಆಡ್ರಿ ಬೇ!" ಎಂದರು ಸರ್.

"ಏನ್ ಆಡ್ಬೇಕ್ರಿ ಸರ್?" ಎಂದಳು ಲಂಬೂ. ಅದು ಉದ್ಧಟತನವಲ್ಲ, ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ.

ಚಹಾ ಕುಡಿಯುವಾಗ ಸರ್ ಆ ಹುಡುಗಿಯ ವಿಷಯ ಹೇಳಿದರು. ಅವಳ ತಾಯಿ ಊರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಏಳನೇತ್ತ, ಅಂದರೆ ಏಳನೇ ತರಗತಿ, ಮುಗಿದ ಮೇಲೆ ಆಟ ಬಂದ್, ಸಂಜೆ ಸಾಲಿ ಬಿಟ್ಟ ಮೇಲೆ ಗಿರಣಿಯಲ್ಲಿ ಕೈಜೋಡಿಸಬೇಕು ಎಂದು ಆಕೆ ಮೊದಲೇ ಹೇಳಿಬಿಟ್ಟಿದ್ದಾಳೆ. ಒಂದೇ ದಾರಿ ಇದೆ. ಫೆಬ್ರವರಿಯಲ್ಲಿ ಬೀದರಿನಲ್ಲಿ ಕ್ರೀಡಾ ವಸತಿ ಶಾಲೆಗೆ ಆಯ್ಕೆ ನಡೆಯುತ್ತದೆ. ಎಂಟನೇ ತರಗತಿಗೆ ಸೇರುವ ಮಕ್ಕಳಿಗೆ ಮಾತ್ರ. ಲಂಬೂಗೆ ಇದೊಂದೇ ವರ್ಷ.

"ಸೆಲೆಕ್ಟ್ ಆದ್ರ ಓದು, ಊಟ, ಆಟ ಎಲ್ಲಾ ಅಲ್ಲೇ ಆಗ್ತದ್ರಿ. ಇಲ್ಲಂದ್ರ ಪೋರಿ ಗಿರಣಿ ಪಟ್ಟಾ ಹಾಕ್ಕೋತ ಕೂಡ್ತಾಳ. ಮೂರು ವರ್ಷಾತು, ಈಕಿ ಸಂಬಂಧ ಜೀವಾ ತೇಯ್ಲತ್ತೀನಿ."

ಆಯ್ಕೆಯ ಪಂದ್ಯದಲ್ಲಿ ಕೋಚ್‌ಗಳು ಬೇಲಿಯ ಆಚೆ ಇರಬೇಕು, ಸೀಟಿ ಹಾಕುವಂತಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ನಾನು ಮಾಡಿದ ಮೊದಲ ಕೆಲಸ ಒಂದು ತಖ್ತೆ ತಯಾರಿಸಿದ್ದು. ಪ್ರತಿ ಹುಡುಗಿಯ ಕೈಗೆ ಚೆಂಡು ಎಷ್ಟು ಸಲ ಬಂತು, ಸಾಲಿನಲ್ಲಿ ಎಷ್ಟು ಹೊತ್ತು ನಿಂತಳು, ಕಲಿಸುವವರು ಎಷ್ಟು ಸಲ ಮಾತಾಡಿದರು, ಎಲ್ಲಕ್ಕೂ ಒಂದೊಂದು ಕಾಲಂ. ಒಂದು ಭಾನುವಾರ ಭಾಲ್ಕಿಯ ಸರ್ ಅವರನ್ನೂ ಔರಾದಿನ ಟೀಚರನ್ನೂ ಬೀದರಿಗೆ ಕರೆಸಿ, ನಮ್ಮ ಶಾಲೆಯ ಕೋಣೆಯಲ್ಲಿ ಕೂಡಿಸಿ ಅದನ್ನು ವಿವರಿಸಿದೆ. ಔರಾದಿನ ಟೀಚರ್ ಚಿಕ್ಕ ವಯಸ್ಸಿನವಳು. ತವರು ಕಮಲನಗರದ ಕಡೆ, ಮಾತಿನ ನಡುವೆ ಮರಾಠಿ ಸುಳಿಯುತ್ತದೆ. ಮಧ್ಯಾಹ್ನ ರೊಟ್ಟಿ ಬಿಚ್ಚುವ ಹೊತ್ತಿಗೆ ಆಕೆ ಮೆಲ್ಲಗೆ ಹೇಳಿದಳು:

"ಮೇಡಂ, ಸಿಟ್ಟಾಗಬ್ಯಾಡ್ರಿ. ಕೋಚ್ ಕಡಿಮಿ ಮಾತಾಡ್ಬೇಕು ಅಂತ ಮುಂಜಾನಿಂದ ನೀವೇ ಮಾತಾಡ್ಲತ್ತೀರಿ. ನಮಗ ಬಾಯಿ ತೆಗೀಲಿಕ್ಕೇ ಸಿಕ್ಕಿಲ್ಲ."

ಸರ್ ಶೇಂಗಾ ಹಿಂಡಿ ಕಲಸುತ್ತಾ, "ಆ ಕಾಲಂ ಮೇಡಂ ತಖ್ತೆದಾಗ ಇಲ್ಲಲ್ಲವಾ, ಬಿಡು," ಎಂದರು. ನಾನೂ ನಕ್ಕೆ. ನಕ್ಕು ಮರೆತೆ. ಅದು ನನ್ನ ತಪ್ಪು.

ಮುಂದಿನ ಎರಡು ವಾರ ಇಬ್ಬರೂ ನನ್ನ ತಖ್ತೆಗೆ ತಕ್ಕಂತೆ ನಡೆದುಕೊಂಡರು. ನಾನು ಬರುವ ದಿನ ಸರ್ ಸೀಟಿ ಊದುತ್ತಿರಲಿಲ್ಲ, ಬದಲಿಗೆ ಕೂಗುತ್ತಿದ್ದರು. "ಒಗಿ! ಓಡು! ನಿಂದ್ರು!" ಸೀಟಿಗಾದರೂ ಒಂದು ಲಯವಿತ್ತು. ನಾನು ಇಲ್ಲದ ದಿನ ಸೀಟಿ ಮರಳಿ ಬರುತ್ತಿತ್ತಂತೆ. ಔರಾದಿನ ಟೀಚರ್ ಇನ್ನೊಂದು ತುದಿಗೆ ಹೋಗಿದ್ದಳು. ಚೆಂಡು ಕೊಟ್ಟು ಕಟ್ಟೆಯ ಮೇಲೆ ಸುಮ್ಮನೆ ಕೂಡುತ್ತಿದ್ದಳು. ಗಟ್ಟಿ ಇದ್ದ ಮೂವರೇ ಆಡಿಕೊಳ್ಳುತ್ತಿದ್ದರು, ಉಳಿದವರು ಅವರ ಹಿಂದೆ ಮುಂದೆ ಓಡಿ ಬೆವರುತ್ತಿದ್ದರು. ಸುಮ್ಮನಿರುವುದೇ ಕಲಿಸುವುದಲ್ಲ ಎಂದು ಹೇಳಬೇಕಾದ ನಾನು ಮಾತಿನ ಕಾಲಮ್ಮಿನಲ್ಲಿ ಸೊನ್ನೆ ಬರೆದು ತೃಪ್ತಿಪಟ್ಟಿದ್ದೆ.

ಡಿಸೆಂಬರ್ ಎರಡನೇ ವಾರ ಎರಡು ಶಾಲೆಗಳ ನಡುವೆ ಭಾಲ್ಕಿಯಲ್ಲಿ ಒಂದು ಗೆಳೆತನದ ಪಂದ್ಯ ಇಟ್ಟೆ. ರೆಫರಿ ನಾನೇ.

ಆಟ ಶುರುವಾಗಿ ಹತ್ತು ನಿಮಿಷ ಆಗಿರಬಹುದು. ಚೆಂಡು ಲಂಬೂ ಕೈಯಲ್ಲಿತ್ತು. ಆಚೆ ಕಡೆ ಔರಾದಿನ ಹುಡುಗಿಯೊಬ್ಬಳು ಎದುರಾಳಿಯ ತೋಳು ಎಳೆದಳು. ಫೌಲು. ನಾನು ಸೀಟಿ ಹಾಕಿದೆ. ಒಂದೇ, ಚಿಕ್ಕದು.

ಎಲ್ಲರೂ ನಿಂತರು. ಲಂಬೂನ ಕೈ ಮಾತ್ರ ನಿಲ್ಲಲಿಲ್ಲ. ಎದೆಯಿಂದ ಪೂರ್ತಿ ಬಲದಲ್ಲಿ ಎಡಕ್ಕೆ ಚೆಂಡು ಹೊರಟಿತು. ಅಭ್ಯಾಸದಲ್ಲಿ ಯಾವಾಗಲೂ ಅಲ್ಲಿ ಅವಳ ಜೊತೆಗಾರ್ತಿ ಇರುತ್ತಿದ್ದಳು. ಆ ದಿನ ಅಲ್ಲಿದ್ದದ್ದು ಔರಾದಿನ ಗಿಡ್ಡ ಹುಡುಗಿ, ಸೀಟಿ ಕೇಳಿ ನನ್ನ ಕಡೆ ಮುಖ ತಿರುಗಿಸಿದ್ದವಳು, ಮತ್ತೆ ಈಚೆ ತಿರುಗಿದ ಆ ಕ್ಷಣಕ್ಕೇ ಚೆಂಡು ಮೂಗಿಗೆ ಬಡಿಯಿತು.

ರಕ್ತ ಬಹಳ ಬಂತು. ಸರ್ ಅವಳ ಮೂಗಿಗೆ ತಮ್ಮ ಟವೆಲ್ಲನ್ನು ಹಿಡಿದು ಅವಳನ್ನು ಕೂಡಿಸಿದರು, ಔರಾದಿನ ಟೀಚರ್ ಹುಡುಗಿಯ ತಲೆ ಮುಂದಕ್ಕೆ ಬಗ್ಗಿಸಿ ಮೂಗಿನ ಹೊಳ್ಳೆ ಒತ್ತಿದಳು. ಆಟೋದಲ್ಲಿ ದವಾಖಾನೆಗೆ ಒಯ್ದೆವು. ಮೂಗಿನ ಎಲುಬಿನಲ್ಲಿ ಸಣ್ಣ ಬಿರುಕು ಎಂದರು ಡಾಕ್ಟರು. ಕೆಲವು ವಾರ ಆಟವಾಡುವಂತಿಲ್ಲ.

ಅಂದು ಸಂಜೆ ಬಸ್ಸಿನಲ್ಲಿ ಬೀದರಿಗೆ ಬರುವಾಗ ನೋಟ್‌ಬುಕ್ಕಿನ ಮೊದಲ ಪುಟ ತೆಗೆದೆ. ಒಂದು ಸೀಟಿ ಅಂದರೆ ಪಾಸು. ನನ್ನದೇ ಅಕ್ಷರ. ಮೂರು ವರ್ಷ ದಿನವೂ ಅದೇ ಸದ್ದಿಗೆ ಚೆಂಡು ಎಸೆದ ಕೈಗಳ ಮುಂದೆ ನಾನು ಅದೇ ಸದ್ದು ಮಾಡಿದ್ದೆ. ದಿನಕ್ಕೆ ಎರಡು ಪುಟ ಬರೆಯುತ್ತಿದ್ದೆ, ಬರೆದದ್ದನ್ನು ಓದುತ್ತಿರಲಿಲ್ಲ.

ಮರುದಿನದಿಂದ ಲಂಬೂ ಮೈದಾನಕ್ಕೆ ಬರಲಿಲ್ಲ. ಶಾಲೆಗೆ ಬರುತ್ತಿದ್ದಳು, ಸಂಜೆ ಗಂಟೆ ಹೊಡೆದ ಕೂಡಲೇ ಮನೆಗೆ ಹೋಗುತ್ತಿದ್ದಳು. ಸರ್ ಎರಡು ಸಲ ಕರೆದರಂತೆ, ಅವಳು ತಲೆ ತಗ್ಗಿಸಿ ನಿಂತಳಂತೆ. ಆಯ್ಕೆಗೆ ಎಂಟು ವಾರ ಉಳಿದಿತ್ತು.

ಭಾನುವಾರ ಸರ್ ಅವಳನ್ನು ಔರಾದಿಗೆ ಕರೆತಂದರು. ನಾನು ಬೀದರಿನಿಂದ ಹೋದೆ. ಗಿಡ್ಡ ಹುಡುಗಿಯ ಮನೆಯಲ್ಲಿ ನಮ್ಮನ್ನು ಕೂಡಿಸಿ ಚಹಾ ಕೊಟ್ಟರು. ಹುಡುಗಿಯ ಮೂಗಿನ ಮೇಲೆ ಬಿಳಿಯ ಪಟ್ಟಿ, ಕಣ್ಣಿನ ಕೆಳಗೆ ನೀಲಿ. ಲಂಬೂ ಹೊಸ್ತಿಲ ಹತ್ತಿರವೇ ನಿಂತಿದ್ದಳು.

"ಒಳಗ ಬಾ, ಚೆಂಡು ಇಲ್ಲಿಲ್ಲ," ಎಂದಳು ಗಿಡ್ಡಿ. ಲಂಬೂ ನಗಲಿಲ್ಲ.

"ಖರೆ ಹೇಳು, ಸಿಟ್ಟು ಇತ್ತೇನ್ ನನ್ ಮ್ಯಾಲ?"

"ಇಲ್ಲ."

"ಮತ್ತ ನೋಡಲಾರದೆ ಯಾಕ ಒಗದಿ?"

ಲಂಬೂ ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದಳು. ಆಮೇಲೆ ಹೇಳಿದಳು: "ಸೀಟಿ ಆತು. ಒಗದೆ. ಒಗದ ಮ್ಯಾಲ ನೀ ಕಂಡಿ."

ಸರ್ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟು ಎದ್ದು ಹೊರಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ನಾನೂ ಹೋದೆ. ಗಟಾರದ ಮೇಲೆ ಹಾಸಿದ ಕಲ್ಲಿನ ಮೇಲೆ ಕುಳಿತಿದ್ದರು.

"ನೋಡೋದು ಕಲಿಸಿಲ್ಲ ನಾ," ಎಂದರು. "ಎಲ್ಲಾ ಕಲಿಸೀನಿ. ನೋಡೋದೊಂದು ಕಲಿಸಿಲ್ಲ."

"ಸೀಟಿ ಹಾಕ್ದಾಕಿ ನಾನ್ರಿ ಸರ್. ನಿಮ್ಮ ಸೀಟಿ ಏನಂತ ನನಗ ಗೊತ್ತಿತ್ತು."

"ಹೌದ್ರಿ. ನಿಮ್ದೂ ತಪ್ಪು ಅದ," ಎಂದರು. ಅವರು ಹಾಗೆ ಹೇಳಿದ್ದು ಒಳ್ಳೆಯದಾಯಿತು. ಅಲ್ಲಿಂದ ಮುಂದೆ ನಾವು ಇಬ್ಬರೂ ಸಮನಾದೆವು.

ಅದೇ ಕಲ್ಲಿನ ಮೇಲೆ ಕುಳಿತು ಮುಂದಿನದನ್ನು ಮಾತಾಡಿದೆವು. ಆಯ್ಕೆಯಲ್ಲಿ ಎರಡು ಭಾಗ. ಒಂದು ಗಡಿಯಾರದ ಪರೀಕ್ಷೆ: ಸಾಲಾಗಿಟ್ಟ ಕೋನ್‌ಗಳ ನಡುವೆ ಚೆಂಡು ಪುಟಿಸುತ್ತಾ ಓಡುವುದು, ಒಂದು ನಿಮಿಷದಲ್ಲಿ ಎಷ್ಟು ಬುಟ್ಟಿ ಹಾಕುತ್ತಾರೆ ಎಂದು ಎಣಿಸುವುದು. ಇನ್ನೊಂದು, ಗುರುತಿಲ್ಲದ ಮಕ್ಕಳ ಜೊತೆ ಪಂದ್ಯ. ಮೊದಲನೆಯದರಲ್ಲಿ ಲಂಬೂ ಗಟ್ಟಿ ಇದ್ದಳು, ಅದು ಸರ್ ಕಲಿಸಿದ ಕವಾಯತಿನ ಫಲ. ಎರಡನೆಯದರಲ್ಲಿ ಅವಳು ಚೆಂಡು ಅವುಚಿಕೊಂಡು ಬೇಲಿಯ ಕಡೆ ನೋಡುತ್ತಾ ನಿಲ್ಲುತ್ತಾಳೆ ಎಂಬುದರಲ್ಲಿ ಅನುಮಾನವಿರಲಿಲ್ಲ.

ಕೋನ್ ಬಿಟ್ಟುಬಿಡೋಣ, ಎಂಟು ವಾರ ಸೀಟಿ ಇಲ್ಲದೆ ಬರೀ ಆಟ ಆಡಿಸೋಣ ಎಂದೆ.

"ಕೋನ್‌ದಾಗ ಹಿಂದ ಬೀಳ್ತಾಳ್ರಿ."

"ಬೀಳ್ಬಹುದು. ಆದ್ರ ಕೋನ್ ಎದ್ದು ಬಂದು ಚೆಂಡು ಕಸಗೊಳ್ಳಂಗಿಲ್ಲ. ಮ್ಯಾಚ್‌ದಾಗ ಕಸಗೊಳ್ತಾರ."

"ನಿಮ್ಮ ಲೆಕ್ಕ ತಪ್ಪಿತಂದ್ರ? ಅವರವ್ವಗ ಯಾರು ಹೇಳ್ಬೇಕು?"

"ನಾ ಹೇಳ್ತೇನಿ. ನೀವು ಬರೋದು ಬ್ಯಾಡ, ನಾನೇ ಹೋಗಿ ಹೇಳ್ತೇನಿ."

ಅವರು ಒಪ್ಪಿದರು. ಮನೆಗೆ ಬಂದ ಮೇಲೆ ತಖ್ತೆಗಳ ಕಟ್ಟನ್ನು ಒಲೆಗೇನೂ ಹಾಕಲಿಲ್ಲ, ಹಿಂಬದಿ ಖಾಲಿ ಇತ್ತು, ಮೊಮ್ಮಗಳಿಗೆ ಚಿತ್ರ ಬರೆಯಲು ಕೊಟ್ಟೆ.

ಸೋಮವಾರ ಲಂಬೂ ಬಂದಳು. ಸರ್ ಅವಳ ಮನೆಗೇ ಹೋಗಿ ಕರೆತಂದಿದ್ದರು. ಇಪ್ಪತ್ತೆರಡು ಜನರನ್ನು ಮೂರು ಮೂರರ ಗುಂಪು ಮಾಡಿದೆವು, ಉಳಿದ ಒಬ್ಬಳು ಅಂಕ ಹೇಳುವವಳು, ದಿನಕ್ಕೊಬ್ಬಳಂತೆ. ಅರ್ಧ ಅಂಗಳದಲ್ಲಿ ಮೂವರ ಎದುರು ಮೂವರು. ಮೂರು ಬುಟ್ಟಿಯಾದರೆ ಸೋತ ಗುಂಪು ಹೊರಗೆ, ಹೊಸ ಗುಂಪು ಒಳಗೆ. ಎರಡು ಕಡೆಯೂ ಆಟ ನಡೆಯುತ್ತಿತ್ತು. ಕಾಯುವವರಿಗೆ ಬೀದರಿನಿಂದ ನಾನು ನಮ್ಮ ಶಾಲೆಯ ಹಳೆಯ ರಬ್ಬರ್ ಚೆಂಡುಗಳನ್ನು ಗೋಣಿಚೀಲದಲ್ಲಿ ತಂದಿದ್ದೆ. ನಮ್ಮಿಬ್ಬರಿಗೂ ಒಂದೇ ನಿಯಮ: ಚೆಂಡು ನಿಂತಾಗ ಮಾತ್ರ ಮಾತು, ಅದೂ ಒಂದು ಪ್ರಶ್ನೆ, ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸುವವರೆಗೆ ಕಾಯಬೇಕು.

ಹತ್ತು ಎಣಿಸುವುದು ಎಷ್ಟು ಕಷ್ಟ ಎಂದು ಸರ್‌ಗೆ ಗೊತ್ತಾದಷ್ಟೇ ನನಗೂ ಗೊತ್ತಾಯಿತು. ಅವರು ನಾಲ್ಕಕ್ಕೇ ಬಾಯಿ ತೆರೆಯುತ್ತಿದ್ದರು. ಗಂಟಲಿಗೆಂದು ನಾನು ಪುಡಿಕೆಯಲ್ಲಿ ಇಟ್ಟುಕೊಳ್ಳುವ ಲವಂಗ ಒಂದನ್ನು ಅವರಿಗೆ ಕೊಟ್ಟೆ. ಹಲ್ಲಿನ ನಡುವೆ ಹಿಡಿದುಕೊಳ್ಳಿ, ಕಚ್ಚಿದರೆ ಖಾರ ಎಂದೆ. ಮೊದಲ ವಾರ ದಿನಕ್ಕೆ ಆರೇಳು ಲವಂಗ ಖರ್ಚಾದವು.

ಎರಡನೇ ವಾರ ಅವರೇ ಹೇಳಿದರು: "ಮೇಡಂ, ಇವತ್ತು ನೀವು ಆಡಸ್ರಿ. ನಾ ಎಣಸ್ತೇನಿ." ಒಂದು ತಾಸು ನಾನು ಆಡಿಸಿದೆ. ಬಹಳ ಸಂಯಮದಿಂದ ನಡೆದುಕೊಂಡೆ ಎಂದೇ ನನ್ನ ಭಾವನೆ. ಕೊನೆಗೆ ಅವರು ಅಂಗೈ ತೆರೆದು ತೋರಿಸಿದರು, ಪ್ರತಿ ಮಾತಿಗೆ ಒಂದರಂತೆ ಹಸಿ ತೊಗರಿಕಾಳು. ಎರಡೂ ಅಂಗೈ ತುಂಬಿದ್ದವು.

"ಕುದಿಸಿದ್ರ ಸಂಜಿ ಉಸುಳಿ ಆಗ್ತದ," ಎಂದರು. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಅಂದಿನಿಂದ ಇಬ್ಬರ ಕಾಳನ್ನೂ ಅಂಕ ಹೇಳುವ ಹುಡುಗಿಯೇ ಎಣಿಸತೊಡಗಿದಳು.

ಮೂರನೇ ವಾರ ಎಲ್ಲ ಕೆಟ್ಟಿತು. ಪಾಸುಗಳು ಹೊರಗೆ ಹೋಗುತ್ತಿದ್ದವು, ಇಬ್ಬರು ಒಂದೇ ಜಾಗಕ್ಕೆ ಓಡಿ ಡಿಕ್ಕಿ ಹೊಡೆಯುತ್ತಿದ್ದರು. ಮೊದಲ ದಿನ ನಾನು ಕಂಡ ಅಚ್ಚುಕಟ್ಟು ಹೆಸರಿಗೂ ಉಳಿಯಲಿಲ್ಲ. ಲಂಬೂ ಚೆಂಡು ಹಿಡಿದು ನಿಲ್ಲುತ್ತಿದ್ದಳು, ಎದುರಾಳಿಗಳು ಬಂದು ಕಿತ್ತುಕೊಳ್ಳುತ್ತಿದ್ದರು. ಸಣ್ಣವಳೊಬ್ಬಳು ನನ್ನ ಸೆರಗು ಹಿಡಿದು ಕೇಳಿದಳು: "ಮೇಡಂ, ಸರ್ ನಮ್ ಮ್ಯಾಲ ಸಿಟ್ಟಾಗ್ಯಾರೇನ್ರಿ? ಮಾತೇ ಆಡವಲ್ರು." ಅದನ್ನು ಸರ್‌ಗೆ ಹೇಳಿದಾಗ ಅವರ ಮುಖ ಸಣ್ಣದಾಯಿತು. ಬಯ್ಯುವುದನ್ನು ಬಿಟ್ಟರೆ ಮಕ್ಕಳಿಗೆ ಪ್ರೀತಿ ತೋರಿಸುವ ಬೇರೆ ಭಾಷೆಯೇ ಅವರ ಬಳಿ ಇರಲಿಲ್ಲ.

ದಾರಿ ತೋರಿಸಿದವಳು ಔರಾದಿನ ಟೀಚರ್. ಕಟ್ಟೆಯ ಮೇಲೆ ಸುಮ್ಮನೆ ಕೂಡುವುದನ್ನು ಬಿಟ್ಟು, ಮೂವರೂ ಚೆಂಡು ಮುಟ್ಟದೆ ಬುಟ್ಟಿಗೆ ಎಸೆಯುವಂತಿಲ್ಲ ಎಂಬ ನಿಯಮವನ್ನು ತಾನೇ ಮಾಡಿಕೊಂಡಿದ್ದಳು. ಪ್ರಶ್ನೆಯ ವಿಷಯವೂ ಆಕೆ ಕಂಡುಕೊಂಡದ್ದು.

"ಯಾಕ ಹಂಗ ಮಾಡಿದಿ ಅಂತ ಕೇಳಬ್ಯಾಡ್ರಿ ಮೇಡಂ. ನಾವು ಯಾಕ ಅಂದ್ರ ಮಕ್ಕಳಿಗಿ ಬೈದಂಗೇ ಕೇಳಸ್ತದ. ಏನ್ ಕಾಣಸ್ತು ಅಂತ ಕೇಳ್ರಿ. ನಾ ಹಂಗೇ ಕೇಳ್ತೇನಿ, ಗಿಡ್ಡಿ ಭಿ ಕಟ್ಟಿ ಮ್ಯಾಲ ಕುಂತು ಬಡಬಡ ಹೇಳ್ತಾಳ."

ಭಾಲ್ಕಿಯಲ್ಲಿ ಸರ್ ಅದನ್ನು ಪ್ರಯತ್ನಿಸಿದರು. ಆ ದಿನ ಇಬ್ಬರ ಎದುರು ಒಬ್ಬಳ ಆಟ. ಬುಟ್ಟಿ ಕಾಯುವ ಎದುರಾಳಿ ಚೆಂಡಿನ ಕಡೆ ಬಂದರೆ ಗೆಳತಿಗೆ ಕೊಡು, ಬರದಿದ್ದರೆ ನೀನೇ ಹೋಗಿ ಹಾಕು. ಅಷ್ಟೇ. ಲಂಬೂ ತಪ್ಪು ಮಾಡಿದಳು, ಚೆಂಡು ನಿಂತಿತು. ಸರ್ ಲವಂಗವನ್ನು ಕೆನ್ನೆಗೆ ಸರಿಸಿ, "ಏನ್ ಕಾಣಸ್ತವಾ?" ಎಂದರು. ಅವರು ಬೆರಳು ಮಡಚುತ್ತಾ ಎಣಿಸಿದರು. ಎಂಟು, ಒಂಬತ್ತು.

"ಆಕಿ ಟೊಂಕ ತಿರುಗಿತ್ರಿ," ಎಂದಳು ಲಂಬೂ. "ಮಾರಿ ನನ್ ಕಡಿ ಇತ್ತು, ಟೊಂಕ ಆ ಕಡಿ ಇತ್ತು."

ಸರ್ ನನ್ನನ್ನು ನೋಡಿದರು. ಎದುರಾಳಿಯ ಮುಖ ನೋಡಬಾರದು, ಸೊಂಟ ನೋಡಬೇಕು ಎಂಬುದನ್ನು ನಾನು ಕಾಲೇಜಿಗೆ ಹೋದ ಮೇಲೆ ಕಲಿತಿದ್ದೆ. ಇವಳಿಗೆ ಯಾರೂ ಹೇಳಿರಲಿಲ್ಲ.

ಅಲ್ಲಿಂದ ನಿಧಾನವಾಗಿ ಏರಿತು. ಅವಳ ಕತ್ತು ಬದಿಗೆ ಹೊರಳುವುದನ್ನು ನಾನು ಹೋದ ದಿನವೆಲ್ಲ ಎಣಿಸುತ್ತಿದ್ದೆ, ಅದು ವಾರದಿಂದ ವಾರಕ್ಕೆ ಇಳಿಯಿತು. ಐದನೇ ವಾರದ ಗುರುವಾರ ಪೂರ್ತಿ ಒಂದು ಆಟದಲ್ಲಿ ಅವಳು ಸರ್ ಕಡೆ ನೋಡಲೇ ಇಲ್ಲ. ಕೋನ್‌ಗಳಿಗೆ ವಾರಕ್ಕೆ ಹತ್ತು ನಿಮಿಷ ಮಾತ್ರ ಕೊಟ್ಟಿದ್ದೆವು. ಅದರಲ್ಲಿ ಅವಳು ಹಿಂದೆ ಬೀಳುತ್ತಿದ್ದದ್ದು ಗಡಿಯಾರದಲ್ಲಿ ಕಾಣುತ್ತಿತ್ತು. ಸರ್ ಕಂಡೂ ಆ ಹತ್ತು ನಿಮಿಷವನ್ನು ಹೆಚ್ಚಿಸಲಿಲ್ಲ.

ಜನವರಿ ಇಪ್ಪತ್ತಾರಕ್ಕೆ ಬೀದರಿನಲ್ಲಿ ನಮ್ಮ ಶಾಲೆಯ ಧ್ವಜವಂದನೆ ಮುಗಿಸಿಕೊಂಡು ಭಾಲ್ಕಿಗೆ ಹೋದೆ. ಸರ್ ಅವರ ಲೇಜಿಮು ನೋಡಿದೆ. ಒಂದು ಸೀಟಿಗೆ ಇನ್ನೂರು ಮಕ್ಕಳು ಕುಳಿತರು, ಇನ್ನೊಂದಕ್ಕೆ ಸುತ್ತಿದರು, ಕಬ್ಬಿಣದ ಸದ್ದು ಒಂದೇ ಆಗಿ ಎದ್ದು ಒಂದೇ ಆಗಿ ನಿಂತಿತು. ಲಂಬೂ ಮೂರನೇ ಸಾಲಿನಲ್ಲಿದ್ದಳು. ಈ ಮನುಷ್ಯನಿಗೆ ನಾನು ಸೀಟಿ ಬಿಡಿ ಎಂದಿದ್ದೆ. ಬಿಡಬೇಕಾದದ್ದು ಒಂದು ಅಂಗಳದಲ್ಲಿ ಮಾತ್ರ. ಮೊದಲ ದಿನವೇ ಅಷ್ಟನ್ನು ಹೇಳಿದ್ದರೆ ಅವರು ಎರಡು ವಾರ ಮೊದಲೇ ಕೇಳುತ್ತಿದ್ದರೋ ಏನೋ.

ಫೆಬ್ರವರಿ ಮೊದಲ ಶನಿವಾರ ಆಯ್ಕೆ. ಲಂಬೂನ ತಾಯಿ ಗಿರಣಿಗೆ ಬೀಗ ಹಾಕಿ ಮಗಳ ಜೊತೆ ಬೀದರಿಗೆ ಬಂದಿದ್ದಳು. ಮಗಳು ಆಡುವುದನ್ನು ಅದೇ ಮೊದಲ ಸಲ ನೋಡುವುದು. ಮೆಟ್ಟಿಲ ಮೇಲಿನ ಸಾಲಿನಲ್ಲಿ ಒಬ್ಬಳೇ ಕುಳಿತಿದ್ದಳು. ನಾವು ಬೇಲಿಯ ಆಚೆ.

ಕೋನ್‌ಗಳ ಓಟದಲ್ಲಿ ಲಂಬೂನ ಪಾದ ನಾಲ್ಕನೆಯದಕ್ಕೆ ತಗುಲಿತು. ಚೆಂಡು ಉರುಳಿಹೋಯಿತು, ತಂದು ಮುಗಿಸುವಷ್ಟರಲ್ಲಿ ಸಮಯ ಸರಿದಿತ್ತು. ಸರ್ ಬೇಲಿಯ ತಂತಿಯನ್ನು ಹಿಡಿದ ಕೈ ಬಿಡಲಿಲ್ಲ.

ಮಧ್ಯಾಹ್ನದ ಪಂದ್ಯದಲ್ಲಿ ಅವಳ ಜೊತೆ ಬಸವಕಲ್ಯಾಣ, ಹುಮನಾಬಾದ್ ಕಡೆಯ ಹುಡುಗಿಯರು, ಒಬ್ಬಳ ಹೆಸರೂ ಗೊತ್ತಿಲ್ಲ. ಅವರನ್ನು ಅಂಗಿಯ ಬಣ್ಣ ಹಿಡಿದು ಕರೆಯುತ್ತಿದ್ದಳು. "ಏ ಹಳದಿ, ಹಿಂದ ಬಂದಾಳ!" "ನೀಲಿ, ಇತ್ಲಾಗ್ ಬಾ!" ಎದುರಾಳಿ ಬಂದರೆ ಕೊಟ್ಟಳು, ಬರದಿದ್ದರೆ ಹೋದಳು. ಒಂದು ಸಲ ಖಾಲಿ ಜಾಗಕ್ಕೆ ಚೆಂಡು ಬಿಟ್ಟಳು, ಅಲ್ಲಿಗೆ ಓಡಬೇಕಿದ್ದ ಹುಡುಗಿ ಓಡಲಿಲ್ಲ, ಚೆಂಡು ಗೆರೆ ದಾಟಿತು. ಆಯ್ಕೆದಾರರು ಏನನ್ನೋ ಬರೆದುಕೊಂಡರು. ಬೇಲಿಯ ಕಡೆ ಅವಳು ಒಮ್ಮೆಯೂ ತಿರುಗಲಿಲ್ಲ.

ಸಂಜೆ ಪಟ್ಟಿ ಅಂಟಿಸಿದರು. ಅವಳ ಹೆಸರು ಕಾಯುವವರ ಪಟ್ಟಿಯಲ್ಲಿತ್ತು, ಎರಡನೆಯದು. ಆಯ್ಕೆಯಾದವರಲ್ಲಿ ಇಬ್ಬರು ಬಿಟ್ಟರೆ ಮಾತ್ರ ಜಾಗ. ಅಂಥ ಜಾಗವನ್ನು ಯಾರು ಬಿಡುತ್ತಾರೆ? ಲಂಬೂ ಎರಡು ಸಲ ಓದಿ ತಾಯಿಯ ಹಿಂದೆ ಹೋಗಿ ನಿಂತಳು. ತಾಯಿ ನಮ್ಮ ಯಾರ ಜೊತೆಗೂ ಮಾತಾಡದೆ ಮಗಳನ್ನು ಕರೆದುಕೊಂಡು ಬಸ್ ನಿಲ್ದಾಣದ ಕಡೆ ಹೊರಟಳು.

ಅವರಿಬ್ಬರೂ ತಿರುವು ದಾಟಿದ ಮೇಲೆ ಸರ್ ಕೇಳಿದರು: "ಕೋನ್ ಬಿಡ್ಲಾರದೆ ಇದ್ದಿದ್ರ ಆಗ್ತಿತ್ತೇನ್ರಿ?"

"ಆಗಬಹುದಿತ್ತು ಸರ್."

ಸುಳ್ಳು ಹೇಳಿ ಸಮಾಧಾನ ಮಾಡುವ ಗಳಿಗೆ ಅದಾಗಿರಲಿಲ್ಲ. ಅವರು ತಲೆಯಾಡಿಸಿದರು.

"ಸೆಲೆಕ್ಟ್ ಆಗಿ ಅಲ್ಲಿ ಹೋಗಿ, ಏನ್ ಆಡ್ಬೇಕಂತ ಯಾರ ಮಾರಿ ನೋಡ್ತಿದ್ಳು?" ಎಂದರು, ನನಗಲ್ಲ, ತಮಗೇ.

ಮರುದಿನ ಭಾನುವಾರ ಭಾಲ್ಕಿಯ ಬಸ್ಸು ಹತ್ತಿದೆ. ಸರ್ ಬರುತ್ತೇನೆ ಎಂದರು, ಬೇಡವೆಂದೆ. ಗಿರಣಿ ನಡೆಯುತ್ತಿತ್ತು. ಲಂಬೂ ಡಬ್ಬಿಗಳನ್ನು ಸಾಲಾಗಿ ಇಡುತ್ತಿದ್ದಳು, ಹುಬ್ಬಿನ ತನಕ ಜೋಳದ ಹಿಟ್ಟು. ಆ ಸದ್ದಿನಲ್ಲಿ ನಾನು ಹೇಳಲು ಶುರುಮಾಡಿದ್ದು ತಾಯಿಗೆ ಕೇಳಿಸಲಿಲ್ಲ. ಆಕೆ ಗುಂಡಿ ಒತ್ತಿದಳು. ಪಟ್ಟಾ ನಿಧಾನವಾಗಿ ನಿಂತಿತು.

ಎಲ್ಲವನ್ನೂ ಹೇಳಿದೆ. ಹಳೆಯ ರೀತಿಯಲ್ಲೇ ಬಿಟ್ಟಿದ್ದರೆ ಗಡಿಯಾರದ ಪರೀಕ್ಷೆಯಲ್ಲಿ ಮುಂದೆ ಇರುತ್ತಿದ್ದಳು, ಬಿಡಿಸಿದ್ದು ನಾನು, ಸರ್ ಅಲ್ಲ ಎಂದೆ.

"ಅಂದ್ರ ನೀವು ಕಲಿಸೋದು ಕಲ್ತಿದ್ದು ನನ್ ಮಗಳ ಮ್ಯಾಲ?"

"ಹೌದ್ರಿ," ಎಂದೆ.

ಆಕೆ ಸೆರಗಿನಿಂದ ಕೈ ಒರೆಸಿಕೊಂಡಳು. ಡಬ್ಬಿ ಹಿಡಿದು ಬಂದ ಗಿರಾಕಿಗೆ ಆಮೇಲೆ ಬಾ ಎಂದು ಕೈ ಮಾಡಿದಳು.

"ಮನ್ಯಾಗ ಕರದ್ರ ಭಿ ಓ ಅನ್ನಾಕಿ ಅಲ್ಲ ಇದು," ಎಂದಳು ಮಗಳ ಕಡೆ ಗದ್ದ ತೋರಿಸಿ. "ನಿನ್ನಿ ಅಲ್ಲಿ ಯಾರ್ಯಾರ್ದೋ ಮಕ್ಕಳಿಗಿ ಹಳದಿ ಬಾ, ನೀಲಿ ಹೋಗು ಅಂತ ಒದರ್ಲತ್ತಿತ್ತು. ನಾ ಮ್ಯಾಲ ಕುಂತು ನೋಡ್ದೆ. ಇದು ನಂದೇ ಏನು ಅನಸ್ತು."

ಲಂಬೂ ಡಬ್ಬಿಯ ಮುಚ್ಚಳವನ್ನು ತೆರೆದು ಮುಚ್ಚುತ್ತಿದ್ದಳು.

"ಎಂಟನೇತ್ತದಾಗ ಆಟ ಬಂದ್ ಅಂತ ಹೇಳಿದ್ದೆ. ಸಂಜಿ ಬಿಡಂಗಿಲ್ಲ, ಸಂಜಿ ಗಿರಣಿದಾಗ ಗರ್ದಿ ಇರ್ತದ. ಮುಂಜಾನಿ ಆಡ್ಲಿ. ಆದ್ರ ಮೇಡಂ, ನೀವು ಬರ್ಬೇಕು. ಅರ್ಧಾ ಬಿಡಿಸಿ ಅರ್ಧಾ ಕಲಿಸಿ ಹೋಗಬ್ಯಾಡ್ರಿ."

ನನ್ನ ಆದೇಶದ ಅವಧಿ ಆ ಶನಿವಾರಕ್ಕೇ ಮುಗಿದಿತ್ತು. ಅದನ್ನು ಆಕೆಗೆ ಹೇಳಲಿಲ್ಲ. ಮುಂಜಾನೆ ಆರಕ್ಕೆ ಭಾಲ್ಕಿ ತಲುಪಬೇಕೆಂದರೆ ಬೀದರಿನಿಂದ ಯಾವ ಬಸ್ಸು ಎಂದು ಲೆಕ್ಕ ಹಾಕಿದೆ.

"ಮಂಗಳವಾರ ಬರ್ತೇನ್ರಿ," ಎಂದೆ. ಆಕೆ ಗುಂಡಿ ಒತ್ತಿದಳು. ಗಿರಣಿ ಮತ್ತೆ ಶುರುವಾಯಿತು.